ನಿವೃತ್ತ ಗುಮಾಸ್ತರ ಕೆಂಡ

ಒಂದು ತಿಂಗಳ ಸಂಬಳವನ್ನು ಒಂದೇ ದಿನದ ಅಡುಗೆ ತರಗತಿಗೆ ಕಟ್ಟಿಬಂದ ಮೇಲೆ, ಅದನ್ನು ಮನೆಯಲ್ಲಿ ಬಾಯಿಬಿಡಲು ಅವಳಿಗೆ ನಾಲ್ಕು ದಿನ ಬೇಕಾಯಿತು. ಐದನೆಯ ದಿನ ಬೆಳಿಗ್ಗೆ ಅಪ್ಪ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಮಾಂಸ ಸುಡುವ ಕಬ್ಬಿಣದ ಸರಳುಗಳಿಗೆ ಬೂದಿ ಹಚ್ಚಿ ಉಜ್ಜುತ್ತಿದ್ದ. ಅಮ್ಮ ಈರುಳ್ಳಿ ಹೆಚ್ಚುತ್ತ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಇಬ್ಬರೂ ತನ್ನ ಮುಖ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಅವಳು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಬರುವ ಭಾನುವಾರ ಬಾರ್ಬೆಕ್ಯೂ ಕಲಿಸುವ ಒಂದು ಕ್ಲಾಸು ಇದೆ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ, ತನಗೂ ಅಪ್ಪನಿಗೂ ಹೆಸರು ಕೊಟ್ಟಾಗಿದೆ, ದುಡ್ಡೂ ಕಟ್ಟಾಗಿದೆ.

ಎಷ್ಟು ಎಂದು ಅಮ್ಮ ಕೇಳಿದಳು. ಅವಳು ಹೇಳಿದಳು. ಅಮ್ಮನ ಚಾಕು ಈರುಳ್ಳಿಯ ಅರ್ಧದಲ್ಲಿ ನಿಂತಿತು.

"ಮೂವತ್ತು ವರ್ಷದಿಂದ ಸುಡ್ತಿರೋರಿಗೆ ಸುಡೋದು ಕಲಿಸ್ತಾರಂತಾ? ಅಷ್ಟು ದುಡ್ಡಿಗೆ ಆ ಮೇಷ್ಟ್ರು ನಮ್ಮನೆಗೇ ಬಂದು ಕಲಿಸಿ, ಆಮೇಲೆ ಪಾತ್ರೆನೂ ತೊಳೆದಿಟ್ಟು ಹೋಗ್ಬೇಕು."

ಅಪ್ಪ ಕೈಯಲ್ಲಿದ್ದ ಸರಳನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಭಾನುವಾರವೆಂದರೆ ಅವನ ಗಾಡಿಗೆ ವಾರದ ಅರ್ಧ ವ್ಯಾಪಾರ. ಬಸ್ ನಿಲ್ದಾಣದ ಮೂಲೆಯಲ್ಲಿ, ಮಧ್ಯಾಹ್ನ ಮೂರಕ್ಕೆ ಇದ್ದಿಲು ಹೊತ್ತಿಸಿದರೆ ಕಡೆಯ ಬಸ್ಸು ಹೋಗುವವರೆಗೆ, ಕೋಳಿ, ಕುರಿ, ಕೆಲವೊಮ್ಮೆ ಮೀನು. ಅಮ್ಮನ ಆಪರೇಷನ್ ಆದ ವಾರವೊಂದನ್ನು ಬಿಟ್ಟರೆ ಅವನು ಭಾನುವಾರ ಗಾಡಿ ನಿಲ್ಲಿಸಿದ್ದು ಯಾರಿಗೂ ನೆನಪಿಲ್ಲ.

ಅವಳು ಕಾರಣಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡಿದ್ದಳು. ಎರಡು ಬೀದಿ ಆಚೆ ಗಾಜಿನ ಗೋಡೆಯ ಹೊಸ ಹೋಟೆಲು ಬಂದಿದೆ. ಅಲ್ಲಿಯೂ ಕೆಂಡದ ಮೇಲೇ ಸುಡುವುದು, ಆದರೆ ಮರದ ಹಲಗೆಯ ಮೇಲೆ ಇಟ್ಟು ಕೊಡುತ್ತಾರೆ. ಅಪ್ಪನ ಗಿರಾಕಿಗಳು ಒಬ್ಬೊಬ್ಬರೇ ಅತ್ತ ಜಾರುತ್ತಿದ್ದಾರೆ. ಹೊಸ ರೀತಿ ಕಲಿತರೆ ಅಪ್ಪನಿಗೇ ಅನುಕೂಲ. ಇದೆಲ್ಲ ಸುಳ್ಳೇನೂ ಅಲ್ಲ. ಹೇಳುತ್ತ ಹೇಳುತ್ತ ಅವಳೇ ಅದನ್ನು ನಂಬಿದಳು. ಅಪ್ಪ ಕೊನೆಗೆ, "ಕಟ್ಟಿದ್ದಾಳಲ್ಲ, ಹೋಗಿಬರೋಣ ಬಿಡು. ಕಲಿಯೋಕೆ ನಾಚಿಕೆ ಏನು," ಅಂದ. ಕಲಿಯೋಕೆ ನಾಚಿಕೆ ಏನು ಎಂದ ಮಾತು ಅವಳ ಕಿವಿಯಲ್ಲಿ ಬಹಳ ಹೊತ್ತು ಉಳಿಯಿತು. ಯಾಕೆಂದರೆ ಅವಳು ಹೇಳದೆ ಬಿಟ್ಟ ಕಾರಣ ಅದೇ, ನಾಚಿಕೆ.

ಅವಳು ಕೆಲಸ ಮಾಡುತ್ತಿದ್ದುದು ಒಂದು ಕನ್ನಡಕದ ಅಂಗಡಿಯಲ್ಲಿ. ಡಿಗ್ರಿ ಮುಗಿಸಿ, ಎರಡು ವರ್ಷದ ಹಿಂದೆ ಆ ಅಂಗಡಿಯ ಮೇಡಂ ಎದುರು ಮೊದಲ ಸಲ ಕುಳಿತಾಗ, ಅಪ್ಪ ಏನು ಮಾಡ್ತಾರೆ ಎಂದು ಅವರು ಕೇಳಿದ್ದರು. ಗೋಡೆಯ ತುಂಬ ಕನ್ನಡಿ. ಎತ್ತ ನೋಡಿದರೂ ತನ್ನದೇ ಮುಖ. ಶಾಲೆಯಲ್ಲಿ ಅವಳ ಬಟ್ಟೆಯ ವಾಸನೆಗೆ ಹುಡುಗಿಯರು ಇಟ್ಟ ಹೆಸರು 'ಹೊಗೆ'. ಹೊಗೆ ಬಂತು ಜರುಗಿ, ಹೊಗೆ ಪಕ್ಕ ನಾನು ಕೂರಲ್ಲ. ಆ ಹೆಸರನ್ನು ಅವಳು ಮನೆಯಲ್ಲಿ ಒಂದು ದಿನವೂ ಹೇಳಿರಲಿಲ್ಲ. ಅಂದು ಕನ್ನಡಿಗಳ ನಡುವೆ ಕೂತು, "ಗುಮಾಸ್ತರಾಗಿದ್ರು ಮೇಡಂ. ಈಗ ರಿಟೈರ್ ಆಗಿದ್ದಾರೆ," ಎಂದುಬಿಟ್ಟಳು.

ಆಡಿದ್ದು ಒಂದೇ ಮಾತು. ಆದರೆ ಮೇಡಂ ಮಾತುಗಾತಿ, ಆಗಾಗ ವಿಚಾರಿಸುವವರು. ಹೀಗಾಗಿ ಎರಡು ವರ್ಷದಲ್ಲಿ ಆ ಇಲ್ಲದ ಕಚೇರಿಗೆ ಒಬ್ಬ ಮುಂಗೋಪಿ ಮ್ಯಾನೇಜರು, ತಿರುಗದ ಒಂದು ಫ್ಯಾನು, ಬೀಳ್ಕೊಡುಗೆಯ ದಿನ ಕೊಟ್ಟ ಒಂದು ಗೋಡೆ ಗಡಿಯಾರ ಎಲ್ಲವೂ ಬಂದು ಸೇರಿಕೊಂಡಿದ್ದವು. ಈಗ ಮೇಡಮ್ಮಿನ ಪರಿಚಯದವರೊಬ್ಬರು ಈ ತರಗತಿ ಶುರುಮಾಡಿದ್ದರು. ಮೇಡಂ ಗಂಡನೊಂದಿಗೆ ಹೊರಟಿದ್ದರು. ನೀನೂ ಬಾ, ನಿಮ್ಮಪ್ಪನನ್ನೂ ಕರಕೊಂಡು ಬಾ, ರಿಟೈರ್ ಆದವರು ಮನೇಲಿ ಕೂತು ಕೂತು ತುಕ್ಕು ಹಿಡೀತಾರೆ, ಇಬ್ಬರು ಸೇರಿದ್ರೆ ಸ್ವಲ್ಪ ಕಡಿಮೆನೂ ಮಾಡ್ತಾರೆ ಎಂದು ಹೆಗಲ ಮೇಲೆ ಕೈಯಿಟ್ಟು ಕರೆದಿದ್ದರು. ಮೇಡಂ ತನ್ನನ್ನು ಎಲ್ಲಿಗಾದರೂ ಕರೆದದ್ದು ಅದೇ ಮೊದಲು. ಇಲ್ಲ ಎನ್ನಲು ಅವಳಿಗೆ ನಾಲಿಗೆ ಹೊರಳಲಿಲ್ಲ. ಹೆಸರು ನೋಂದಾಯಿಸುವ ಅರ್ಜಿಯಲ್ಲಿ ಉದ್ಯೋಗ ಎಂಬ ಸಾಲಿತ್ತು. ಮೇಡಂ ಪಕ್ಕದಲ್ಲೇ ನಿಂತಿದ್ದರು. ಅವಳು ತುಂಬಿದಳು.

ಅಪ್ಪನಿಗೆ ಮೊದಲೇ ಹೇಳಿಬಿಡಬೇಕು ಎಂದು ಪ್ರತಿದಿನ ಅಂದುಕೊಂಡಳು. ಶನಿವಾರ ಹೇಳಿದ್ದು ಇಷ್ಟೇ: "ನಾಳೆ ತುಂಬು ತೋಳಿನ ಶರ್ಟ್ ಹಾಕ್ಕೋಪ್ಪ."

ಅಪ್ಪ ತನ್ನ ಮುಂಗೈಗಳನ್ನು ಒಮ್ಮೆ ನೋಡಿಕೊಂಡ. ಮಣಿಕಟ್ಟಿನಿಂದ ಮೊಣಕೈವರೆಗೆ ಸರಳು ತಾಗಿ ಸುಟ್ಟ ಗೆರೆಗಳು, ಕೆಲವು ಹಳೆಯವು ಬಿಳಿ, ಕೆಲವು ಹೊಸವು ಕಂದು. ಸರಿ ಅಂದ.

ತರಗತಿ ನಡೆಯುತ್ತಿದ್ದುದು ಒಂದು ಹಳೆಯ ಗೋದಾಮಿನ ಹಿತ್ತಲಲ್ಲಿ. ತಗಡಿನ ಚಾವಣಿಯ ಕೆಳಗೆ ಮುಚ್ಚಳವಿದ್ದ ಕಪ್ಪು ಒಲೆಗಳು ಎಂಟು, ಎರಡು ಸಾಲಾಗಿ ನಿಂತಿದ್ದವು. ಒಂದೊಂದು ಒಲೆಗೆ ಇಬ್ಬಿಬ್ಬರು. ಬಾಗಿಲಲ್ಲಿ ತಣ್ಣನೆಯ ನಿಂಬೆಹಣ್ಣಿನ ಪಾನಕ ಕೊಟ್ಟರು, ಚರ್ಮದ ಪಟ್ಟಿಯ ಏಪ್ರನ್ ಕೊಟ್ಟರು, ಎದೆಗೆ ಸಿಕ್ಕಿಸಿಕೊಳ್ಳಲು ಒಂದೊಂದು ಕಾರ್ಡು ಕೊಟ್ಟರು. ಅಪ್ಪ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಕಾರ್ಡನ್ನು ನಿಧಾನವಾಗಿ ಓದಿದ. ಮೇಲೆ ತನ್ನ ಹೆಸರು. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ನಿವೃತ್ತ ಗುಮಾಸ್ತರು.

ಅಪ್ಪ ಕಾರ್ಡನ್ನು ಹಿಂದೆ ತಿರುಗಿಸಿ ನೋಡಿದ, ಬೇರೆಯವರದು ತನಗೆ ಬಂದಿರಬಹುದು ಎಂಬಂತೆ. ಆಮೇಲೆ ಅವಳತ್ತ ನೋಡಿದ. ಅವಳು ಪಾನಕದ ಲೋಟದೊಳಗೆ ನೋಡುತ್ತಿದ್ದಳು. ಅಷ್ಟರಲ್ಲಿ ಮೇಡಂ ಬಂದು, ಕೊನೆಗೂ ನಿಮ್ಮನ್ನ ನೋಡಿದ ಹಾಗಾಯ್ತು, ನಿಮ್ಮ ಮ್ಯಾನೇಜರ್ ಕಥೆ ಎಲ್ಲ ನನಗೆ ಗೊತ್ತು ಬಿಡಿ ಎಂದು ನಕ್ಕರು. ಅಪ್ಪ ಕೈಮುಗಿದ. "ಹೌದು ಮೇಡಂ, ಭಾರಿ ಸಿಡುಕ," ಅಂದ. ಕಾರ್ಡನ್ನು ಎದೆಗೆ ನೆಟ್ಟಗೆ, ಸೊಟ್ಟವಾಗದಂತೆ ಸಿಕ್ಕಿಸಿಕೊಂಡ.

ಕಲಿಸುವವರು ದಪ್ಪ ಗಡ್ಡದ, ಮೆಲುದನಿಯ ಮನುಷ್ಯ. ಎಲ್ಲರೂ ಮೇಷ್ಟ್ರೇ ಎಂದು ಕರೆದರೆ ಖುಷಿಪಡುತ್ತಿದ್ದರು. ಅವರು ದುಡ್ಡು ಕಿತ್ತುಕೊಂಡು ಮಾತಲ್ಲೇ ಹೊಟ್ಟೆ ತುಂಬಿಸುವ ಜನ ಆಗಿರಲಿ ಎಂದು ಅವಳು ಒಳಗೊಳಗೇ ಆಸೆಪಟ್ಟಿದ್ದಳು. ಹಾಗಾಗಿದ್ದರೆ ಸಂಜೆ ಮನೆಗೆ ಹೋಗಿ ಅಪ್ಪನೊಂದಿಗೆ ಸೇರಿ ಅವರನ್ನು ಆಡಿಕೊಳ್ಳಬಹುದಿತ್ತು. ಆದರೆ ಮೇಷ್ಟ್ರು ಚೆನ್ನಾಗಿಯೇ ಕಲಿಸಿದರು. ಇದ್ದಿಲು ಕಪ್ಪಗಿರುವಾಗ ಏನನ್ನೂ ಮೇಲಿಡಬಾರದು, ಮೈಯೆಲ್ಲ ಬೂದಿ ಬಣ್ಣಕ್ಕೆ ತಿರುಗುವವರೆಗೆ ಕಾಯಬೇಕು. ಕೆಂಡವನ್ನು ಒಂದು ಬದಿಗೆ ಸರಿಸಿ ಇನ್ನೊಂದು ಬದಿ ಖಾಲಿ ಬಿಡಬೇಕು. ಅಂಗೈ ಚಾಚಿ ಎಣಿಸಿದರೆ ಶಾಖ ಎಷ್ಟೆಂದು ತಿಳಿಯುತ್ತದೆ. ಅಪ್ಪ ಮೊದಲ ಅರ್ಧ ಗಂಟೆ ಬಾಯಿ ತುಸು ತೆರೆದುಕೊಂಡು, ಮುಂದಕ್ಕೆ ಬಾಗಿ ಕೇಳಿದ. ತನ್ನ ಊರಿನ ಮಾತನ್ನು ಪರಸ್ಥಳದಲ್ಲಿ ಕೇಳಿದವನ ಮುಖ ಹೇಗಿರುತ್ತದೋ ಹಾಗಿತ್ತು. ಕೈ ಎತ್ತಿ ಕೇಳಿದ:

"ಸಾರ್, ಮುಚ್ಚಳ ಹಾಕಿದ್ರೆ ಕೆಂಡಕ್ಕೆ ಉಸಿರು ಕಟ್ಟಲ್ವಾ?"

ಮೇಷ್ಟ್ರ ಮುಖ ಅರಳಿತು. ಒಲೆಯ ಕೆಳಗಿದ್ದ ಗಾಳಿಕಿಂಡಿ ತೋರಿಸಿದರು. ಒಳ್ಳೇ ಪ್ರಶ್ನೆ, ಇದಕ್ಕೆ ಮುಂಚೆ ಮಾಡಿದ್ದೀರಾ ಎಂದು ಕೇಳಿದರು.

ಅಪ್ಪನ ಕೈ ಎದೆಯ ಕಾರ್ಡಿನ ಹತ್ತಿರ ಹೋಯಿತು. "ಇಲ್ಲ ಸಾರ್. ಸುಮ್ಮನೆ ಕೇಳ್ದೆ."

ಆಮೇಲೆ ಅವನು ಇಡೀ ದಿನ ಏನನ್ನೂ ಕೇಳಲಿಲ್ಲ.

ಮೇಷ್ಟ್ರು ಮಾಂಸಕ್ಕೆ ಚುಚ್ಚುವ ಥರ್ಮಾಮೀಟರನ್ನು ಕೈಯಿಂದ ಕೈಗೆ ಕೊಟ್ಟು, ಹೊರಗೆ ಕರಕಲಾಗಿ ಒಳಗೆ ಹಸಿಯಾಗಿ ಉಳಿಯುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು ಎಂದರು. ರಸ್ತೆ ಬದಿಯ ಗಾಡಿಗಳಲ್ಲಿ ನೋಡಿದ್ದೀರಲ್ಲ, ಉರಿಯಲ್ಲಿ ಹಿಡಿದು ಕರಕಲು ಮಾಡಿ ಕೊಡ್ತಾರೆ, ಪಾಪ ಅವರಿಗೆ ಹೇಳಿಕೊಟ್ಟವರು ಯಾರು ಎಂದು ಮೆಲುದನಿಯಲ್ಲೇ ಹೇಳಿದರು. ಅವರ ಮಾತಿನಲ್ಲಿ ವಿಷವೇನೂ ಇರಲಿಲ್ಲ.

ಮೇಡಂ ಅಲ್ಲಿಗೆ ಬಿಡಲಿಲ್ಲ. "ಬಸ್ ಸ್ಟಾಪ್ ಮೂಲೇಲಿ ಒಬ್ಬ ನಿಂತಿರ್ತಾನಲ್ಲ, ತಲೆಗೆ ಟವೆಲ್ ಸುತ್ಕೊಂಡು. ಅವನ ಹೊಗೆಗೆ ನಾನು ಕಾರಿನ ಗ್ಲಾಸ್ ಏರಿಸ್ಕೊಂಡೇ ಹೋಗೋದು. ಮನೆಗೆ ಹೋದ್ರೆ ಇವರು ಕೇಳ್ತಾರೆ, ನೀನೇನು ಅಲ್ಲಿ ತಿಂದು ಬಂದ್ಯಾ ಅಂತ."

ಎಲ್ಲರೂ ನಕ್ಕರು. ಅವಳೂ ನಕ್ಕಳು.

ಬೇಕೆಂದು ನಕ್ಕದ್ದಲ್ಲ. ಮೇಡಂ ತನ್ನತ್ತ ತಿರುಗಿ ನಕ್ಕಾಗ, ಎರಡು ವರ್ಷದ ಅಭ್ಯಾಸಬಲದಿಂದ ಅವಳ ಮುಖ ತಾನಾಗಿ ನಕ್ಕುಬಿಟ್ಟಿತು. ಸದ್ದು ಕೂಡ ಬಂತು. ನಗು ನಿಂತ ಮೇಲೆ ಪಕ್ಕಕ್ಕೆ ನೋಡಲು ಧೈರ್ಯ ಸಾಲಲಿಲ್ಲ. ಆದರೆ ಕಿವಿಗೆ ಬಾಗಿಲಿಲ್ಲವಲ್ಲ. ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ ಅಪ್ಪನೂ ನಕ್ಕದ್ದು ಕೇಳಿಸಿತು.

ಮಧ್ಯಾಹ್ನ ಎಲ್ಲರೂ ತಂತಮ್ಮ ಒಲೆ ಹೊತ್ತಿಸಬೇಕಿತ್ತು. ಅಪ್ಪ ಇದ್ದಿಲ ಚೀಲದೊಳಗೆ ಕೈಹಾಕಿ ಎರಡು ತುಂಡು ತೆಗೆದ. ಅವುಗಳನ್ನು ಒಂದಕ್ಕೊಂದು ತಾಕಿಸಿ ಕಿವಿಗೆ ಹಿಡಿಯುವುದು ಅವನ ಕ್ರಮ. ಒಣಗಿದ ಇದ್ದಿಲು ಗಾಜಿನಂತೆ ಕಿಣಿ ಎನ್ನುತ್ತದೆ, ತೇವದ್ದು ಮಣ್ಣಿನಂತೆ ದೊಪ್ಪೆನ್ನುತ್ತದೆ ಎಂದು ಅವಳಿಗೆ ಐದು ವರ್ಷದವಳಿದ್ದಾಗಲೇ ಹೇಳಿಕೊಟ್ಟಿದ್ದ. ಈಗ ಕೈ ಕಿವಿಯ ಹತ್ತಿರದವರೆಗೆ ಬಂದು ನಿಂತಿತು. ಅಲ್ಲಿಂದ ಕೆಳಗಿಳಿಯಿತು. ಅಪ್ಪ ಇದ್ದಿಲನ್ನು ಕೈಗೆ ಬಂದಂತೆ ಒಲೆಗೆ ಸುರಿದ. ಕಾಗದಕ್ಕೆ ಕಡ್ಡಿ ಗೀರಿದ, ಆರಿಹೋಯಿತು. ಮತ್ತೆ ಗೀರಿದ. ಗಾಳಿಗೆ ಬೆನ್ನು ಕೊಟ್ಟು ಒಂದೇ ಕಡ್ಡಿಯಲ್ಲಿ ಒಲೆ ಹೊತ್ತಿಸುವವನು ಗಾಳಿಗೆ ಎದುರಾಗಿ ನಿಂತು ನಾಲ್ಕು ಕಡ್ಡಿ ಸುಟ್ಟ. ಮೇಷ್ಟ್ರೇ ಬಂದು ಹೊತ್ತಿಸಿಕೊಟ್ಟರು. ಅಪ್ಪ ಥ್ಯಾಂಕ್ಸ್ ಸಾರ್ ಅಂದ.

ಅವಳು ಮೊದಲು ಅವನಿಗೆ ಹೊಸ ಒಲೆ ಒಗ್ಗುತ್ತಿಲ್ಲವೇನೋ ಅಂದುಕೊಂಡಳು. ಆದರೆ ಇದ್ದಿಲು ಇನ್ನೂ ಅರ್ಧ ಕಪ್ಪಗೆ, ಜ್ವಾಲೆ ಗೇಣುದ್ದ ಏಳುತ್ತಿರುವಾಗಲೇ ಅವನು ಕೋಳಿಯ ತುಂಡುಗಳನ್ನು ಚುಚ್ಚಿದ ಸರಳುಗಳನ್ನೆಲ್ಲ ಒಟ್ಟಿಗೆ ಉರಿಯ ಮಧ್ಯಕ್ಕೆ ಇಟ್ಟ. ಕೆಂಡದ ಹತ್ತಿರ ಒಂದು ವಾರ ನಿಂತವರು ಯಾರೂ ಮಾಡದ ಕೆಲಸ. ಎಣ್ಣೆ ತೊಟ್ಟಿಕ್ಕಿ ಬೆಂಕಿ ಭಗ್ಗೆಂದಿತು. ಅಪ್ಪ ಕೈ ಕಟ್ಟಿಕೊಂಡು ನಿಂತಿದ್ದ. ಮೂರು ಮೂರು ಸರಳನ್ನು ಒಂದೇ ಕೈಯಲ್ಲಿ ಬೀಗದ ಕೈಯಂತೆ ತಿರುಗಿಸುವ ಬೆರಳುಗಳು ಕಂಕುಳಲ್ಲಿ ಅಡಗಿದ್ದವು.

ಅವಳಿಗೆ ಆಗ ಅರ್ಥವಾಯಿತು.

"ಅಪ್ಪ, ಏನ್ ಮಾಡ್ತಿದ್ದೀಯ?" ಎಂದು ಪಿಸುಗುಟ್ಟಿದಳು.

"ಗುಮಾಸ್ತ ಅಲ್ವಾ ನಾನು," ಅಂದ ಅಪ್ಪ, ಉರಿಯನ್ನೇ ನೋಡುತ್ತ. ದನಿಯಲ್ಲಿ ಕೊಂಕಿರಲಿಲ್ಲ. "ಗುಮಾಸ್ತರಿಗೆ ಇದೆಲ್ಲ ಎಲ್ಲಿ ಬರುತ್ತೆ ಪುಟ್ಟಿ. ಚೆನ್ನಾಗಿ ಮಾಡಿದ್ರೆ ಅವರು ಕೇಳ್ತಾರೆ, ಎಲ್ಲಿ ಕಲಿತ್ರಿ ಅಂತ. ಆಗ ನೀನು ಏನ್ ಹೇಳ್ತೀಯ?"

ಇಕ್ಕಳ ಅವಳ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಸರಳುಗಳನ್ನು ಖಾಲಿ ಬದಿಗೆ ಎಳೆಯುವುದು ಎರಡು ಕ್ಷಣದ ಕೆಲಸ, ಅದು ಅವಳಿಗೂ ಬರುತ್ತಿತ್ತು. ಅವಳು ಎಳೆಯಲಿಲ್ಲ. ಪಕ್ಕದ ಒಲೆಯಿಂದ ಮೇಡಂ ನೋಡುತ್ತಿದ್ದರು. ಈಗ ಹೇಳಿಬಿಡಬೇಕು ಅಂದುಕೊಂಡಳು. ಮೇಷ್ಟ್ರು ಈ ಕಡೆ ತಿರುಗಿದಾಗ ಹೇಳುತ್ತೇನೆ. ತಿರುಗಿದರು. ಹತ್ತಿರ ಬಂದಾಗ ಹೇಳುತ್ತೇನೆ. ಬಂದರು. ಮೇಷ್ಟ್ರು ಕರ್ರಗಾದ ಒಂದು ತುಂಡನ್ನು ಹಲಗೆಯ ಮೇಲಿಟ್ಟು ಚಾಕುವಿನಿಂದ ಸೀಳಿದರು. ಒಳಗೆ ಹಸಿಹಸಿಯಾಗಿ ಗುಲಾಬಿ ಬಣ್ಣ. ಎಲ್ಲರನ್ನೂ ಕರೆದು ತೋರಿಸಿದರು. ಇವರ ತಪ್ಪೇನೂ ಇಲ್ಲ, ಮೊದಲ ಸಲ ಎಲ್ಲರೂ ಮಾಡುವುದು ಇದನ್ನೇ, ಇವರು ನಮಗೆಲ್ಲ ಉಪಕಾರ ಮಾಡಿದರು ಎಂದು ಅಪ್ಪನ ಬೆನ್ನು ತಟ್ಟಿದರು. ಯಾರೋ ಅದರ ಫೋಟೊ ತೆಗೆದುಕೊಂಡರು.

ಮೇಡಮ್ಮಿನ ಗಂಡ, "ಫೈಲ್ ನೋಡಿದಷ್ಟು ಸುಲಭ ಅಲ್ಲ, ಅಲ್ವಾ ಸಾರ್," ಎಂದರು.

"ನಿಜ ಸಾರ್," ಅಂದ ಅಪ್ಪ. "ಫೈಲಾದ್ರೆ ಹಾಗೇ ಬಿಟ್ರೂ ಹತ್ತು ವರ್ಷ ಕೆಡಲ್ಲ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಂಥ ತಮಾಷೆ ಮನುಷ್ಯ ನಿಮ್ಮಪ್ಪ ಎಂದು ಮೇಡಂ ಅವಳ ಕೈ ಹಿಸುಕಿದರು. ಅವಳ ಮುಖ ಬಿಸಿಯೇರಿ ಕಿವಿಯ ತುದಿ ಸುಡುತ್ತಿತ್ತು. ಒಲೆಯ ಝಳ ಎಂದು ಎಲ್ಲರೂ ತಿಳಿದರು.

ಬೇರೆಯವರೆಲ್ಲ ಮೇಜಿನ ಸುತ್ತ ಕೂತು ತಾವು ಬೇಯಿಸಿದ್ದನ್ನು ರುಚಿ ನೋಡುವಾಗ ಅವಳು ಒಮ್ಮೆ ತಿರುಗಿ ನೋಡಿದಳು. ಅಪ್ಪ ಒಲೆಯ ಹಿಂದೆ ಒಬ್ಬನೇ ನಿಂತಿದ್ದ. ಉರಿ ಅಡಗಿ ಕೆಂಡ ಹದವಾಗಿತ್ತು. ಅವನು ಕರಕಲನ್ನು ಚಾಕುವಿನಲ್ಲಿ ಹೆರೆದು, ಹಸಿ ತುಂಡುಗಳನ್ನು ಒಂದೊಂದಾಗಿ ಜಾಲರಿಯ ಅಂಚಿಗಿಟ್ಟು, ಕೆಂಡದ ಮೇಲೆ ಒಂದು ಚಿಟಿಕೆ ಬೂದಿ ಸರಿಸಿ ಬೇಯಿಸುತ್ತಿದ್ದ. ಹಾಳು ಮಾಡುವುದು ಹೇಗೋ ಆಗಿತ್ತು, ಎಸೆಯುವುದು ಅವನಿಂದ ಆಗಲಿಲ್ಲ. ಬೆಂದ ಮೇಲೆ ಎಲ್ಲರಿಗೂ ಬೆನ್ನು ಮಾಡಿ ನಿಂತುಕೊಂಡು ತಿಂದ. ಅಷ್ಟು ಜನರ ನಡುವೆ ಅವನು ಕದ್ದು ಮಾಡಿದ ಕೆಲಸವೆಂದರೆ ಅದೊಂದೇ, ತನಗೆ ಗೊತ್ತಿದ್ದ ಕೆಲಸ.

ವಾಪಸ್ಸು ಬರುವ ಬಸ್ಸಿನಲ್ಲಿ ಅಪ್ಪನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅವಳು ಮೂರು ನಿಲ್ದಾಣ ದಾಟುವವರೆಗೆ ಮಾತು ಹುಡುಕಿದಳು.

"ಅಪ್ಪ, ಆ ಕಾರ್ಡು."

"ವಾಪಸ್ ಕೊಟ್ಟೆ. ಪಿನ್ನು ಅವರದ್ದಲ್ವಾ," ಅಂದ ಅಪ್ಪ.

ಆಮೇಲೆ ಅವನೇ ಮಾತು ಬದಲಿಸಿ ಮೇಷ್ಟ್ರ ವಿಷಯ ಎತ್ತಿಕೊಂಡ. ಒಲೆಯಿಂದ ಇಳಿಸಿದ ಮಾಂಸವನ್ನು ಐದು ನಿಮಿಷ ಹಾಗೇ ಬಿಡಬೇಕು, ಆಗ ರಸ ಒಳಗೇ ನಿಲ್ಲುತ್ತೆ ಅಂದ್ರಲ್ಲ, ಅದು ಸರಿಯಾದ ಮಾತು, ತನಗೆ ಗೊತ್ತಿರಲಿಲ್ಲ, ಗಿರಾಕಿ ಅವಸರ ಮಾಡ್ತಾರೆ ಅಂತ ಬಿಸಿಬಿಸಿ ಕತ್ತರಿಸಿ ಕೊಟ್ಟುಬಿಡೋದು, ಮೂವತ್ತು ವರ್ಷ ರಸವೆಲ್ಲ ಕಾಗದಕ್ಕೆ ಕುಡಿಸಿದ ಹಾಗಾಯ್ತು ಎಂದ. ಚುಚ್ಚಿ ನೋಡುವ ಥರ್ಮಾಮೀಟರು ದಪ್ಪ ತುಂಡಿಗೆ ಒಳ್ಳೆಯದೇ ಎಂದ. ಮನೆಯಲ್ಲಿ ಅಮ್ಮ ಸೊಂಟಕ್ಕೆ ಕೈಯಿಟ್ಟುಕೊಂಡು, ಏನಾಯ್ತು, ಸುರಿದಿದ್ದಕ್ಕೆ ಸಾರ್ಥಕ ಆಯ್ತಾ ಎಂದು ಕೇಳಿದಾಗ, ಆಯ್ತು, ಒಳ್ಳೆ ಮೇಷ್ಟ್ರು ಎಂದ. ಅಮ್ಮ ಅವಳ ಮುಖ ನೋಡಿದಳು. ಅವಳು ಬಟ್ಟೆ ಬದಲಿಸುವ ನೆಪದಲ್ಲಿ ಒಳಗೆ ಹೋದಳು. ತುಂಬು ತೋಳಿನ ಶರ್ಟನ್ನು ಅಪ್ಪ ಮಡಚಿ ಮಂಚದ ಮೇಲಿಟ್ಟಿದ್ದ. ಅದು ಬೆವರಿನಿಂದ ಪೂರ್ತಿ ನೆನೆದಿತ್ತು.

ಮರುದಿನ ಅಂಗಡಿಗೆ ಬಂದ ಒಬ್ಬ ಗಿರಾಕಿಗೆ ಮೇಡಂ ಚೌಕಟ್ಟು ತೋರಿಸುತ್ತ ತರಗತಿಯ ಕಥೆ ಶುರುಮಾಡಿದರು. ಇವಳಪ್ಪ ಪಾಪ ಗುಮಾಸ್ತರು, ಕೋಳಿಯನ್ನು ಇದ್ದಿಲೇ ಮಾಡಿಬಿಟ್ಟರು, ಆದರೆ ಎಷ್ಟು ಸರಳ ಜನ ಅಂತೀರಿ ಎಂದು ಪ್ರೀತಿಯಿಂದಲೇ ಹೇಳಿದರು. ಗಿರಾಕಿ ನಕ್ಕು, ತಮ್ಮ ತಮ್ಮನೂ ಸೇರಬೇಕು ಅಂತಿದ್ದಾನೆ, ಅಷ್ಟು ದುಡ್ಡು ಕೊಡಬಹುದಾ ಎಂದು ವಿಚಾರಿಸಿದರು. ಮೇಡಂ ಅವಳತ್ತ ತಿರುಗಿದರು. ನೀನೇ ಹೇಳಮ್ಮ, ನೀವಿಬ್ಬರು ಕಟ್ಟಿದ್ದೀರಲ್ಲ.

ಅವಳು ಒರೆಸುತ್ತಿದ್ದ ಗಾಜನ್ನು ಕೆಳಗಿಟ್ಟಳು. ಕೊಡಬಹುದು, ಮೇಷ್ಟ್ರು ಚೆನ್ನಾಗಿ ಹೇಳಿಕೊಡ್ತಾರೆ ಎಂದಳು. ಅದು ನಿಜವಾಗಿತ್ತು, ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಗಿರಾಕಿ ಹೋದ ಮೇಲೆ ಅವಳು ಕೌಂಟರಿನ ಅಂಚು ಹಿಡಿದುಕೊಂಡು ಹೇಳಿದಳು.

"ಮೇಡಂ, ಬಸ್ ಸ್ಟಾಪ್ ಮೂಲೇಲಿ ಟವೆಲ್ ಸುತ್ಕೊಂಡು ನಿಂತಿರ್ತಾರಲ್ಲ. ಅವರೇ ನಮ್ಮಪ್ಪ. ಗುಮಾಸ್ತರಲ್ಲ, ಯಾವತ್ತೂ ಆಗಿರಲಿಲ್ಲ. ನಿನ್ನೆ ಬೇಕಂತಲೇ ಕೆಡಿಸಿದ್ರು, ನನ್ನ ಸುಳ್ಳು ಹೊರಗೆ ಬರಬಾರದು ಅಂತ."

ಮೇಡಂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವರ ಮುಖ ಸಣ್ಣಗಾಯಿತು. ಕಾರಿನ ಗ್ಲಾಸಿನ ಮಾತು ಅವರಿಗೂ ನೆನಪಾಗಿರಬೇಕು. ಸ್ವಲ್ಪ ಹೊತ್ತು ಕನ್ನಡಕದ ಖಾಲಿ ಪೆಟ್ಟಿಗೆಯೊಂದನ್ನು ತೆರೆದು ಮುಚ್ಚಿ ಮಾಡಿದರು. ಆಮೇಲೆ, "ಅವತ್ತೇ ಇದ್ದಿದ್ದು ಹೇಳಿದ್ರೆ ನಾನು ಕೆಲಸ ಕೊಡ್ತಿರಲಿಲ್ಲ ಅಂದ್ಕೊಂಡ್ಯಾ?" ಎಂದು ಕೇಳಿದರು. ನಿಜವಾಗಿ ತಿಳಿಯಲೆಂದೇ ಕೇಳಿದ್ದು. ಕೊಡುತ್ತಿದ್ದರು ಎಂದು ಅವಳಿಗೆ ಆ ಕ್ಷಣ ಹೊಳೆಯಿತು. ಎರಡು ವರ್ಷ ಹೊತ್ತು ತಿರುಗಿದ ಸುಳ್ಳು ಯಾರಿಗೂ ಬೇಕಾಗಿರಲಿಲ್ಲ.

ಸಂಜೆ ಅಂಗಡಿ ಬಿಟ್ಟು ಮನೆಗೆ ಹೋಗಲು ಅವಳಿಗೊಂದು ಹಿಂದಿನ ಬೀದಿಯಿತ್ತು, ಬಸ್ ನಿಲ್ದಾಣದ ಮೂಲೆಯನ್ನು ತಪ್ಪಿಸಿ ಸುತ್ತು ಹಾಕಿಕೊಂಡು ಹೋಗುವುದು. ಅಂದು ಅವಳು ನೇರ ದಾರಿ ಹಿಡಿದಳು. ಗಾಡಿಯ ಹತ್ತಿರ ಬಂದು ನಾಲ್ಕು ವರ್ಷವಾಗಿತ್ತು. ಹಲಗೆಗೆ ಹೊಸ ಬಣ್ಣ ಬಿದ್ದಿತ್ತು, ಒಂದು ಚಕ್ರ ಬದಲಾಗಿತ್ತು, ಇದಾವುದೂ ಅವಳಿಗೆ ಗೊತ್ತಿರಲಿಲ್ಲ. ಅಪ್ಪ ತೋಳು ಮಡಚಿ, ತಲೆಗೆ ಟವೆಲು ಸುತ್ತಿ, ಬೀಸಣಿಗೆ ಆಡಿಸುತ್ತಿದ್ದ. ಅವಳನ್ನು ನೋಡಿ ಬೀಸಣಿಗೆ ನಿಂತಿತು. ಅಮ್ಮನಿಗೆ ಏನಾದ್ರೂ ಆಯ್ತಾ ಎಂದು ಕೇಳಿದ.

ಏನೂ ಆಗಿಲ್ಲ ಎಂದಳು. ಅಂಗಡಿಯಲ್ಲಿ ಮೇಡಮ್ಮಿಗೆ ಎಲ್ಲ ಹೇಳಿಬಿಟ್ಟೆ ಎಂದಳು. ಹೇಳಿದಾಗ ಅಪ್ಪನ ಮುಖ ಹಗುರಾಗುತ್ತದೆ ಎಂದು ದಾರಿಯುದ್ದಕ್ಕೂ ಊಹಿಸಿಕೊಂಡು ಬಂದಿದ್ದಳು. ಹಾಗೇನೂ ಆಗಲಿಲ್ಲ. ಅವನು ಮೂರು ಸರಳನ್ನು ಒಟ್ಟಿಗೆ ತಿರುಗಿಸಿ, ತೊಟ್ಟಿಕ್ಕುವ ಸದ್ದು ಕೇಳಿಸಿಕೊಂಡು, ಇನ್ನೊಮ್ಮೆ ತಿರುಗಿಸಿದ.

"ಬೇಕಾಗಿರಲಿಲ್ಲ. ನಾನು ಅಷ್ಟು ಕಷ್ಟಪಟ್ಟು ಕೆಡಿಸಿದ್ದು ಯಾಕೆ ಮತ್ತೆ?" ಅಂದ. ಆಮೇಲೆ ತಲೆಯೆತ್ತಿ ಅವಳನ್ನು ನೋಡಿ ಕೇಳಿದ, "ನಿನ್ನೆ ಅಲ್ಲಿ ಹೇಳಿದ್ರೆ ನನಗೋಸ್ಕರ ಅಂತಿದ್ದೆ. ಇವತ್ತು ಹೇಳಿದ್ದು ಯಾರಿಗೋಸ್ಕರ?"

ಅವಳಿಗೆ ಉತ್ತರ ಗೊತ್ತಿತ್ತು. ತಲೆ ತಗ್ಗಿಸಿ ನಿಂತಳು. ಅಪ್ಪ ಬೆಂದ ಸರಳುಗಳನ್ನು ಇಳಿಸಿ ತಟ್ಟೆಯ ಮೇಲಿಟ್ಟ. ಕತ್ತರಿಸದೆ ಕಾಯುತ್ತ ನಿಂತ.

ದಿನವೂ ಬರುವ ಗಿರಾಕಿ, ಮನೆಮನೆ ತಿರುಗಿ ಕರೆಂಟು ಮೀಟರ್ ಓದುವವನು, ಚೀಲ ಹೆಗಲಿಗೆ ಹಾಕಿಕೊಂಡು ಬಂದ. ಭಾನುವಾರ ಗಾಡಿ ಇರಲಿಲ್ಲವೆಂದು ಬಂದವನೇ ಜಗಳ ತೆಗೆದ. ಊಟಕ್ಕೆ ಗತಿಯಿಲ್ಲದೆ ಹೆಂಡತಿ ಕೈಯಡುಗೆ ತಿನ್ನಬೇಕಾಯ್ತು, ಇವತ್ತೇನು ಮನೇಲೇ ಊಟ ಅಂತ ಅವಳಿಗೆ ಅನುಮಾನವೇ ಬಂತು ಎಂದ. ಅಪ್ಪ ನಕ್ಕ. ನಿನ್ನೆ ಎಲ್ಲೂ ನಗದಿದ್ದ ಹಾಗೆ ನಕ್ಕ. ಬೇಗ ಕೊಡಿ ಅಂದರೆ, ಐದು ನಿಮಿಷ ತಡ್ಕೊಳ್ಳಿ, ಆಮೇಲೆ ತಿಂದು ಹೇಳಿ ಎಂದ. ಕಾಯುವಾಗ ಆ ಗಿರಾಕಿಯ ಕಣ್ಣು ಗಾಡಿಯ ಒಳಬದಿಗೆ ನಿಂತಿದ್ದ ಅವಳ ಮೇಲೆ ಬಿತ್ತು.

"ಇವರು ಯಾರು? ಕೆಲಸಕ್ಕೆ ಇಟ್ಕೊಂಡ್ರಾ?"

ಅವಳು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿಬಿಟ್ಟ. ಕೆಂಡದಿಂದ ತಲೆ ಎತ್ತದೆ, ಎಷ್ಟೋ ದಿನದಿಂದ ರೂಢಿಯಾಗಿರುವ ಮಾತಿನಂತೆ ಹೇಳಿದ.

"ಗೊತ್ತಿರೋರು. ಬಸ್ಸಿಗೆ ಕಾಯ್ತಿದ್ದಾರೆ."

ಕಾಯ್ತಿದ್ದಾರೆ ಎಂದ. ಹುಟ್ಟಿದಾಗಿನಿಂದ ಪುಟ್ಟಿ ಎಂದು ಕರೆದವನು ತನ್ನ ಗಿರಾಕಿಯೆದುರು ಅವಳಿಗೆ ಬಹುವಚನ ಕೊಟ್ಟು, ಒಬ್ಬ ಪರಿಚಯದ ಹೆಂಗಸನ್ನು ಹೇಗೆ ಕಾಪಾಡಬೇಕೋ ಹಾಗೆ ಕಾಪಾಡಿದ. ಈ ಮೂಲೆಯಲ್ಲೂ, ತನ್ನದೇ ಗಾಡಿಯ ಮುಂದೆಯೂ, ಅವನು ಅವಳ ನಾಚಿಕೆಯನ್ನು ಲೆಕ್ಕಕ್ಕಿಟ್ಟುಕೊಂಡೇ ಮಾತಾಡುತ್ತಿದ್ದ.

"ಮಗಳು," ಎಂದಳು ಅವಳು.

ಅದೇ ಹೊತ್ತಿಗೆ ಒಂದು ಬಸ್ಸು ಬಂದು ನಿಂತು ಉಸ್ಸೆಂದಿತು. ಮೀಟರಿನವನು ಪೊಟ್ಟಣ ಇಸಿದುಕೊಂಡು, ಚಿಲ್ಲರೆ ಕೊಟ್ಟು, ಆಗಲೇ ಬೆನ್ನು ತಿರುಗಿಸಿದ್ದ. ಅಪ್ಪನಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಅವನು ಮುಂದಿನ ಸರಳಿಗೆ ಕೈಹಾಕಿದ್ದ.

ಬಸ್ಸಿನಿಂದ ಇಳಿದ ಒಬ್ಬಾಕೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಗಾಡಿಯ ಹತ್ತಿರ ಬಂದು ಎರಡು ಕೋಳಿ ಕೊಡಿ ಎಂದಳು. ಗಾಡಿಯ ಒಳಬದಿಗೆ ನಿಂತಿದ್ದವಳನ್ನು ಯಾರೂ ಏನೂ ಕೇಳಿರಲಿಲ್ಲ.

"ನಾನು ಇವರ ಮಗಳು," ಎಂದು ಅವಳು ಆ ಅಪರಿಚಿತ ಹೆಂಗಸಿಗೆ ಜೋರಾಗಿ ಹೇಳಿದಳು. ಆ ಹೆಂಗಸು ಅರ್ಥವಾಗದೆ, ಆದರೂ ಸೌಜನ್ಯಕ್ಕೆ, "ಹೌದಾ? ಸರಿ," ಎಂದಳು. ಅಪ್ಪ ಬೀಸಣಿಗೆ ಮಗಳ ಕೈಗೆ ಕೊಟ್ಟು, ಹೊಗೆ ಆ ತಾಯಿಮಗುವಿನ ಕಡೆ ಹೋಗದ ಹಾಗೆ ಬೀಸು ಎಂದು ಮಾತ್ರ ಹೇಳಿದ.